ಹೊಸ್ತಿಲಾಚೆ ನಿಂತವನು

ನಿನ್ನೆ ರಾತ್ರಿ ಮತ್ತೆ ‘ದಿ ಸರ್ಚರ್ಸ್’ ನೋಡಿದೆ. 1956ರ ಹಾಲಿವುಡ್ ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾ. ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ.

ಮೊದಲೆಲ್ಲ ವೆಸ್ಟರ್ನ್ ಅಂದರೆ ನನಗೆ ಕುದುರೆ, ಧೂಳು, ಗುಂಡಿನ ಸದ್ದು. ಈಗ ಆ ಕೊನೆಯ ದೃಶ್ಯಕ್ಕಾಗಿ ಕಾಯುತ್ತೇನೆ. ವರ್ಷಗಟ್ಟಲೆ ಹುಡುಕಿದ ಹುಡುಗಿಯನ್ನು ಕಥಾನಾಯಕ ಈಥನ್ (ನಟ ಜಾನ್ ವೇಯ್ನ್) ಮನೆ ಮುಟ್ಟಿಸುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ. ಅವನೊಬ್ಬ ಹೊಸ್ತಿಲಾಚೆ ಉಳಿಯುತ್ತಾನೆ. ಎಡಗೈಯಲ್ಲಿ ಬಲ ಮೊಣಕೈ ಹಿಡಿದು ನಿಲ್ಲುತ್ತಾನೆ. ಆಮೇಲೆ ಬೆನ್ನು ತಿರುಗಿಸಿ ಬಿಸಿಲಿಗೆ ನಡೆದುಬಿಡುತ್ತಾನೆ. ಒಂದು ಮಾತೂ ಇಲ್ಲ.

ಆ ಭಂಗಿ ಹ್ಯಾರಿ ಕ್ಯಾರಿ ಅವರದು. ಮೂಕಿ ಸಿನಿಮಾ ಕಾಲದ ಕೌಬಾಯ್ ಹೀರೋ. ನಿರ್ದೇಶಕ ಜಾನ್ ಫೋರ್ಡ್ ಶುರುವಿನಲ್ಲಿ ಎಷ್ಟೋ ಸಿನಿಮಾ ಮಾಡಿದ್ದು ಅವರ ಜೊತೆಗೇ. ಕ್ಯಾರಿ 1947ರಲ್ಲಿ ತೀರಿಕೊಂಡರು. ಈ ದೃಶ್ಯದಲ್ಲಿ ಹುಡುಗಿಯನ್ನು ಒಳಗೆ ಕರೆದುಕೊಳ್ಳುವ ಹೆಂಗಸು ಇದ್ದಾಳಲ್ವಾ, ಆ ಪಾತ್ರ ಮಾಡಿದವರು ಅವರ ಹೆಂಡತಿ ಆಲಿವ್ ಕ್ಯಾರಿ! ಆಕೆಯ ಗಂಡನ ನೆನಪಿಗೆ ಜಾನ್ ವೇಯ್ನ್ ಹಾಗೆ ಕೈ ಹಿಡಿದರು. ಇದು ಗೊತ್ತಾದ ಮೇಲೆ ಆ ದೃಶ್ಯ ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ.

ಈಥನ್ ಒಳ್ಳೆಯವನಲ್ಲ. ಕಮಾಂಚಿ ಎಂಬ ಅಮೆರಿಕದ ಮೂಲನಿವಾಸಿ ಜನರ ಮೇಲೆ ಅವನಿಗಿರುವ ದ್ವೇಷ ನೋಡೋಕೇ ಕಷ್ಟ. ವೇಯ್ನ್ ಅದನ್ನು ಮೃದು ಮಾಡಲು ಹೋಗಲಿಲ್ಲ. ಅದಕ್ಕೇ ಅವರ ಮೇಲೆ ಪ್ರೀತಿ ಜಾಸ್ತಿ.

ಸಿನಿಮಾ ಮುಗಿದ ಮೇಲೂ ಲೈಟ್ ಹಾಕಲಿಲ್ಲ. ಸಿನಿಮಾ ಚಿತ್ರೀಕರಣವಾದ ಮಾನ್ಯುಮೆಂಟ್ ವ್ಯಾಲಿಯ ಆ ಕೆಂಪು ಬಂಡೆಗಳು ಸುಮಾರು ಹೊತ್ತು ಕಣ್ಣಲ್ಲೇ ಇದ್ದವು.