ಅರ್ಜಿಯಲ್ಲಿ ಹುದ್ದೆಯ ಕಾಲಂ

ನಮ್ಮ ಸಂಘದ ಸರ್ವಸದಸ್ಯರ ಸಭೆ ಈ ಸಲ ಮೈಸೂರಿನಲ್ಲಿ ನಡೆಯಿತು. ಕಲಾ ಮ್ಯೂಸಿಯಂಗಳಲ್ಲಿ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗಳ ಸಂಘ ನಮ್ಮದು. ದೊಡ್ಡದೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಮಾಡಿಸಿದ್ದೇವೆ, ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸುತ್ತೇವೆ. ನಾನು ಅದರ ಅಧ್ಯಕ್ಷೆ. ಅವತ್ತಿನ ಅಜೆಂಡಾದಲ್ಲಿ ಹಲವು ವಿಷಯ ಇದ್ದವು. ಆದರೆ ಎಲ್ಲರೂ ಕಾಯುತ್ತಿದ್ದದ್ದು ಒಂದಕ್ಕೇ: ಈ ಸಂಘಕ್ಕೆ ಯಾರು ಸೇರಬಹುದು?

ಬೈಲಾ ಪ್ರಕಾರ ಹುದ್ದೆಯ ಹೆಸರು ಕ್ಯುರೇಟರ್ ಅಥವಾ ಸಹಾಯಕ ಕ್ಯುರೇಟರ್ ಅಂತಲೇ ಇರಬೇಕಿತ್ತು. ಮ್ಯೂಸಿಯಾಲಜಿಯಲ್ಲೋ ಕಲಾ ಇತಿಹಾಸದಲ್ಲೋ ಡಿಗ್ರಿ ಬೇಕಿತ್ತು. ಇದನ್ನು ಬದಲಾಯಿಸಿ, ಯಾರ ಸುಪರ್ದಿಯಲ್ಲಿ ಕಲಾಕೃತಿಗಳ ಸಂಗ್ರಹ ಇದೆಯೋ ಅವರೆಲ್ಲ ಸದಸ್ಯರಾಗಬಹುದು ಅಂತ ಮಾಡೋಣ ಎಂದು ನಾನು ಸೂಚಿಸಿದ್ದೆ.

ಯಾಕೆ ಅಂತ ತಿಳಿಯಲು ಮೈಸೂರನ್ನೇ ನೋಡಿದರೆ ಸಾಕು. ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ರಾಜಮನೆತನಕ್ಕೆ ಸೇರಿದ್ದು. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಮೈಸೂರು ವಿಶ್ವವಿದ್ಯಾಲಯದ್ದು. ವೆಲ್ಲಿಂಗ್ಟನ್ ಹೌಸ್‌ನ ಮಾನವ ಸಂಗ್ರಹಾಲಯ ಕೇಂದ್ರ ಸರ್ಕಾರದ್ದು. ರೈಲು ಮ್ಯೂಸಿಯಂ ರೈಲ್ವೆಯದು. ಸ್ವಲ್ಪ ಮುಂದೆ ಹೋದರೆ ಶ್ರೀರಂಗಪಟ್ಟಣದ ದರಿಯಾ ದೌಲತ್, ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿ. ಒಂದೊಂದು ಕಡೆ ಒಂದೊಂದು ನಿಯಮ, ಒಂದೊಂದು ಹುದ್ದೆ. ಇನ್ನು ಮಠಗಳು, ಟ್ರಸ್ಟ್‌ಗಳು, ಹಳೇ ಮನೆತನಗಳ ಸಂಗ್ರಹ ಎಷ್ಟಿದೆಯೋ! ಅಲ್ಲಿ ಬೀಗದ ಕೈ ಇಟ್ಟುಕೊಂಡವರ ಹುದ್ದೆ ಗುಮಾಸ್ತ ಅಂತಲೋ ಮ್ಯಾನೇಜರ್ ಅಂತಲೋ ಇರುತ್ತದೆ. ಚಿತ್ರದ ಬಣ್ಣ ಉದುರಲು ಶುರುವಾದರೆ ಮೊದಲು ನೋಡುವವರು ಅವರೇ. ಯಾರನ್ನು ಕೇಳಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ.

ಈ ಕೆಲಸದಲ್ಲಿ ಒಂಟಿತನ ಜಾಸ್ತಿ. ಸಣ್ಣ ಮ್ಯೂಸಿಯಂಗಳಲ್ಲಿ ಇಡೀ ಕಟ್ಟಡಕ್ಕೆ ಕ್ಯುರೇಟರ್ ಒಬ್ಬರೇ. ಪಕ್ಕದ ಟೇಬಲ್ಲಿನಲ್ಲಿ ಲೆಕ್ಕದವರು ಇರುತ್ತಾರೆ, ಟಿಕೆಟ್ ಕೊಡುವವರು ಇರುತ್ತಾರೆ. ಒಂದು ಕ್ಯಾನ್ವಾಸಿನ ಮೇಲೆ ಬಿಳಿ ಬೂಷ್ಟು ಕಂಡರೆ ‘ಇದೇನು, ನೋಡಿ ಸ್ವಲ್ಪ’ ಅಂತ ಕರೆಯಲು ಇನ್ನೊಬ್ಬರಿಲ್ಲ. ಸಂಘ ಬೇಕಾದದ್ದೇ ಇದಕ್ಕೆ ಅಂತ ನಾನು ನಂಬಿದ್ದೇನೆ. ದೇಶದ ಮ್ಯೂಸಿಯಂಗಳಿಗೆಲ್ಲ ಸೇರಿ ಒಂದು ಸಂಘ 1944ರಲ್ಲೇ ಹುಟ್ಟಿತು. ಅಮೆರಿಕದಲ್ಲಿ ಕಲಾ ಮ್ಯೂಸಿಯಂ ಕ್ಯುರೇಟರ್‌ಗಳಿಗೆ ಅಂತಲೇ ಒಂದು ಸಂಘ ಶುರುವಾಗಿದ್ದು 2001ರಲ್ಲಿ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇರುವವರಿಗೂ ಜೊತೆ ಬೇಕು ಅನ್ನಿಸಿತಲ್ವಾ?

ಸಭೆಯಲ್ಲಿ ಮೊದಲು ಎದ್ದು ನಿಂತವರು ನಮ್ಮ ಅತ್ಯಂತ ಹಿರಿಯ ಸದಸ್ಯೆ. ನಾವೆಲ್ಲ ಅವರನ್ನು ದೊಡ್ಡ ಮೇಡಂ ಅಂತಲೇ ಕರೆಯುತ್ತೇವೆ. ಅವರು ಖಡಾಖಂಡಿತವಾಗಿ ವಿರೋಧಿಸಿದರು.

“ನೋಡಮ್ಮ, ಈ ಹುದ್ದೆಗೆ ಓದಿದವರೇ ಬೇಕು ಅಂತ ನಾವು ಎಷ್ಟು ಕಚೇರಿ ಸುತ್ತಿದ್ದೀವಿ. ಈಗ ನೀನೇ ಗುಮಾಸ್ತರೂ ಸದಸ್ಯರು ಅಂತ ಬರೆದುಕೊಟ್ಟರೆ, ನಾಳೆ ಸರ್ಕಾರ ಏನ್ ಹೇಳುತ್ತೆ? ಗುಮಾಸ್ತರೇ ಸಾಕಲ್ಲ, ಕ್ಯುರೇಟರ್ ಹುದ್ದೆ ಯಾಕೆ ತುಂಬಬೇಕು ಅನ್ನುತ್ತೆ.”

ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಿವೃತ್ತರ ಜಾಗ ವರ್ಷಗಟ್ಟಲೆ ಖಾಲಿ ಬಿಡುವುದು, ಬೇರೆ ಅಧಿಕಾರಿಗೆ ಹೆಚ್ಚುವರಿ ಪ್ರಭಾರ ಕೊಡುವುದು ಇವನ್ನೆಲ್ಲ ನಾವು ಕಣ್ಣಾರೆ ಕಂಡವರು. ಇನ್ನೊಬ್ಬರು ಎದ್ದು, “ಹಾಗಾದರೆ ಕಲಾಕೃತಿ ಮಾರುವವರನ್ನೂ ಸೇರಿಸಿಕೊಳ್ಳಿ, ಅವರ ಹತ್ತಿರವೂ ಸಂಗ್ರಹ ಇದೆ” ಅಂದರು. ಅದಕ್ಕೆ ನಾನು ತಕ್ಷಣ ಉತ್ತರ ಕೊಟ್ಟೆ. ಆ ಬಾಗಿಲು ಮುಚ್ಚಿಯೇ ಇರಬೇಕು. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯ ನೀತಿ ಸಂಹಿತೆ 1986ರಿಂದ ಇದೆ. ಮ್ಯೂಸಿಯಂನಲ್ಲಿ ಕೆಲಸ ಮಾಡುವವರು ಕಲಾಕೃತಿಗಳ ವ್ಯಾಪಾರದಲ್ಲಿ ನೇರವಾಗಿಯಾಗಲಿ ಬೇರೆ ದಾರಿಯಲ್ಲಾಗಲಿ ಕೈ ಹಾಕಬಾರದು ಅಂತ ಅದು ಹೇಳುತ್ತದೆ. ಮಾರುವವರಿಗೆ ಅನುಕೂಲ ಆಗಲಿ ಅಂತ, ಈ ಚಿತ್ರ ಅಸಲಿ ಎಂದು ನಾವೊಂದು ಚೀಟಿ ಬರೆದುಕೊಟ್ಟರೆ ಅದರ ಬೆಲೆ ಎಷ್ಟು ಅಂತ ಕೂತವರಿಗೆಲ್ಲ ಗೊತ್ತು. ಈ ಸಭೆಯ ಊಟದ ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂತ ಒಬ್ಬ ವ್ಯಾಪಾರಿ ಹೇಳಿ ಕಳಿಸಿದ್ದರು. ಬೇಡ ಅಂದೆವು. ಚಂದಾ ಹಣದಲ್ಲೇ ಚಿತ್ರಾನ್ನ, ಮೊಸರನ್ನ ಮಾಡಿಸಿದೆವು. ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದ್ದು ಅಲ್ಲಿ, ಡಿಗ್ರಿಯ ಹತ್ತಿರ ಅಲ್ಲ.

ಊಟಕ್ಕೆ ಮುಂಚೆಯೇ ಮತಕ್ಕೆ ಹಾಕಿ ಅಂತ ಕಾರ್ಯದರ್ಶಿ ಕಿವಿಯಲ್ಲಿ ಹೇಳಿದರು. ನಾನು ಹಾಕಲಿಲ್ಲ. ಎಲ್ಲರ ಮುಖ ಬಿಸಿಯಾಗಿತ್ತು. ಆಗ ಹಾಕಿದ್ದರೆ ಗೆದ್ದವರು ಸೋತವರು ಅಂತ ಎರಡು ಗುಂಪು ಆಗಿಬಿಡುತ್ತಿತ್ತು. ಮಧ್ಯಾಹ್ನ ಜಗನ್ಮೋಹನ ಅರಮನೆಗೆ ಹೋಗೋಣ, ಸಂಜೆ ಬಂದು ತೀರ್ಮಾನ ಮಾಡೋಣ ಅಂದೆ.

ಆ ಅರಮನೆ 1861ರದ್ದು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ರಾಜಮನೆತನ ಇದ್ದದ್ದು ಇಲ್ಲೇ. 1915ರಲ್ಲಿ ಗ್ಯಾಲರಿ ಆಯಿತು. ರವಿವರ್ಮನ ಚಿತ್ರಗಳ ಮುಂದೆ ನಮ್ಮವರು ಚದುರಿದರು. ನಾನು ಹೋಗಿ ನಿಂತದ್ದು ದೀಪ ಹಿಡಿದ ಹೆಂಗಸಿನ ಮುಂದೆ. ‘ಗ್ಲೋ ಆಫ್ ಹೋಪ್’ ಅಂತ ಹೆಸರಾದ ಚಿತ್ರ. ಅಂಗೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿಯಿಂದ ಕೆಂಪು ಬೆಳಕು. ಇದನ್ನು ರವಿವರ್ಮ ಬರೆದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅವತ್ತೂ ಒಬ್ಬರು ತಂದೆ ಮಗಳಿಗೆ ಹಾಗೇ ಹೇಳಿಕೊಡುತ್ತಿದ್ದರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು, ಎಸ್. ಎಲ್. ಹಳದಣಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದದ್ದು. ಆ ಮಗುವಿಗೆ ನಾನೇ ಹೇಳಿದೆ. ಅವಳು ಮತ್ತೆ ಹತ್ತಿರ ಹೋಗಿ ನೋಡಿದಳು.

ಇದು ಕಾಗದದ ಮೇಲಿನ ಜಲವರ್ಣ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಅಳೆಯುತ್ತೇವೆ. ಎಣ್ಣೆ ಬಣ್ಣಕ್ಕೆ ಸುಮಾರು 200 ಲಕ್ಸ್ ಬೆಳಕು ಬಿಡಬಹುದು ಅನ್ನುವುದು ನಮ್ಮಲ್ಲಿ ರೂಢಿ. ಜಲವರ್ಣಕ್ಕೆ 50 ಲಕ್ಸ್ ದಾಟಬಾರದು. ಬೆಳಕಿನ ಹಾನಿ ದಿನ ದಿನ ಸೇರುತ್ತಾ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ವಾಪಸು ಬರುವುದಿಲ್ಲ. ಕೋಣೆ ಯಾಕೆ ಇಷ್ಟು ಮಬ್ಬು ಅಂತ ನೋಡುವವರು ಗೊಣಗುತ್ತಾರೆ. ಆ ಮಬ್ಬಿನಿಂದಲೇ ಇನ್ನೊಂದು ತಲೆಮಾರು ಆ ದೀಪ ನೋಡುತ್ತದೆ.

ತಿರುಗಿ ನೋಡಿದರೆ ದೊಡ್ಡ ಮೇಡಂ ಒಂದು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಂಡ್ಯ ಕಡೆಯಿಂದ ಬಂದವರೊಬ್ಬರು. ಒಂದು ಟ್ರಸ್ಟಿನಲ್ಲಿ ಲೆಕ್ಕ ಬರೆಯುವ ಕೆಲಸ ಅವರದು, ಸದಸ್ಯತ್ವಕ್ಕೆ ಅರ್ಜಿ ಹಾಕಿ ಬಂದಿದ್ದರು. ಬೆಳಗ್ಗೆ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತಿದ್ದರು. ಈಗ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದರು. ಒಂದು ಹಳೇ ಮೈಸೂರು ಶೈಲಿಯ ಪಟ, ರಾಮ ಪಟ್ಟಾಭಿಷೇಕ. ಕಿರೀಟದ ಉಬ್ಬು ಕೆಲಸ ಅಲ್ಲಲ್ಲಿ ಎದ್ದಿತ್ತು, ಚಿನ್ನದ ರೇಕು ಉದುರುತ್ತಿತ್ತು.

“ಮಳೆಗಾಲ ಬಂದ್ರೆ ಜಾಸ್ತಿ ಆಗುತ್ತೆ ಮೇಡಂ. ಹೊರಗಿನ ಗೋಡೆ ತೇವ ಎಳೆಯುತ್ತೆ. ಅದಕ್ಕೆ ಪಟ ಇಳಿಸಿ ಒಳಗಿನ ಗೋಡೆಗೆ ಹಾಕಿದೆ. ಹಿಂದೆ ನಾಲ್ಕು ಮೂಲೆಗೂ ಬಿರಡೆ ಅಂಟಿಸಿದೆ, ಗಾಳಿ ಆಡಲಿ ಅಂತ.”

ಮೇಡಂ ಕನ್ನಡಕ ಸರಿ ಮಾಡಿಕೊಂಡರು. “ಒದ್ದೆ ಬಟ್ಟೆಯಲ್ಲಿ ಒರೆಸಿದ್ರಾ?”

“ಇಲ್ಲ ಮೇಡಂ. ಮುಟ್ಟಿದ್ರೆ ಉದುರುತ್ತಲ್ಲ, ಧೈರ್ಯ ಬರಲಿಲ್ಲ.”

ಮೈಸೂರು ಚಿತ್ರಗಳಲ್ಲಿ ಮಕ್ಕಿ ಅನ್ನುವ ಹಳದಿ ಬಣ್ಣದ ಅಂಟು, ಸಫೇದಾ ಅನ್ನುವ ಬಿಳಿ ಪುಡಿ ಸೇರಿಸಿದ ಪೇಸ್ಟಿನಿಂದ ತೆಳುವಾದ ಉಬ್ಬು ಮಾಡಿ ಅದರ ಮೇಲೆ ರೇಕು ಕೂರಿಸುತ್ತಾರೆ. ತೇವಕ್ಕೆ ಕೆಳಗಿನ ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಉಬ್ಬು ಅದರ ಜೊತೆ ಬಗ್ಗುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಒರೆಸಿದ್ದರೆ ಕಿರೀಟವೇ ಬಟ್ಟೆಗೆ ಬಂದುಬಿಡುತ್ತಿತ್ತು. ಮೇಡಂ ತಮ್ಮ ಚೀಲದಿಂದ ನೋಟ್‌ಬುಕ್ ತೆಗೆದು, ಮೈಸೂರಿನಲ್ಲೇ ಇರುವ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯಕ್ಕೆ ಹೇಗೆ ಪತ್ರ ಬರೆಯಬೇಕು, ಪಟವನ್ನು ಮಲಗಿಸಿಕೊಂಡೇ ಯಾಕೆ ತರಬೇಕು ಅಂತ ಬರೆದುಕೊಟ್ಟರು. ಅರ್ಧ ಗಂಟೆಗಿಂತ ಜಾಸ್ತಿ ಕೂತಿದ್ದರು ಇಬ್ಬರೂ. ನಾನು ಹತ್ತಿರ ಹೋಗಲಿಲ್ಲ. ನನಗೆ ಆಗಿದ್ದ ಸಂತೋಷ ಹೇಳತೀರದು.

ಸಂಜೆ ಮತಕ್ಕೆ ಹಾಕಿದೆವು. ನನ್ನ ಸೂಚನೆಗೆ ಎರಡು ಮಾತು ಸೇರಿಸಿದ್ದೆ. ಕಲಾಕೃತಿ ವ್ಯಾಪಾರದಲ್ಲಿ ಇಲ್ಲ ಅಂತ ಪ್ರತಿ ಸದಸ್ಯರೂ ವರ್ಷ ವರ್ಷ ಬರೆದುಕೊಡಬೇಕು. ಮತ್ತೆ, ಖಾಲಿ ಇರುವ ಕ್ಯುರೇಟರ್ ಹುದ್ದೆಗಳಿಗೆ ಓದಿದವರನ್ನೇ ನೇಮಿಸಿ ಅಂತ ಸರ್ಕಾರಕ್ಕೆ ಸಂಘ ಇದೇ ತಿಂಗಳು ಪತ್ರ ಬರೆಯಬೇಕು. ಸೂಚನೆ ಗೆದ್ದಿತು. ದೊಡ್ಡ ಮೇಡಂ ವಿರುದ್ಧವೇ ಕೈ ಎತ್ತಿದರು. ಅವರ ಭಯ ಇನ್ನೂ ಹೋಗಿಲ್ಲ, ಹೋಗಬೇಕಾದ್ದೂ ಇಲ್ಲ. ಸರ್ಕಾರಕ್ಕೆ ಬರೆಯುವ ಪತ್ರದ ಕರಡು ಅವರೇ ಮಾಡಬೇಕು ಅಂತ ಕೇಳಿಕೊಂಡೆ. “ಅದನ್ನ ಬೇರೆಯವರಿಗೆ ಕೊಟ್ಟಿದ್ರೆ ಬೇಜಾರಾಗ್ತಿತ್ತು” ಅಂದರು.

ಈಗ ಕಲಾಕೃತಿಯ ಸ್ಥಿತಿ ಬರೆದಿಡುವ ಫಾರಂ ಒಂದನ್ನು ಕನ್ನಡದಲ್ಲಿ ತಯಾರು ಮಾಡುತ್ತಿದ್ದೇವೆ. ಎಲ್ಲಿ ಬಿರುಕು, ಎಲ್ಲಿ ಕಲೆ, ಯಾವ ಗೋಡೆ, ಯಾವ ತಿಂಗಳು ನೋಡಿದ್ದು, ಫೋಟೋ ತೆಗೆದವರು ಯಾರು. ಲೆಕ್ಕ ಬರೆಯುವವರಿಗೂ ಅರ್ಥವಾಗಬೇಕು. ಹೊಸ ಸದಸ್ಯರಿಗೆ ಅದನ್ನು ತುಂಬುವ ತರಬೇತಿ ಮಂಡ್ಯದಲ್ಲೇ ಇಟ್ಟುಕೊಳ್ಳಬೇಕು ಅಂತ ಇದ್ದೇವೆ, ಮೇ ಮುಗಿಯುವುದರ ಒಳಗೆ. ಜೂನ್ ದಾಟಿದರೆ ಗೋಡೆಗಳು ಆಗಲೇ ನೆನೆದಿರುತ್ತವೆ.