ಮೇಲಿನ ಮಹಡಿ ನಂದು, ಕೆಳಗಿನ ಬಚ್ಚಲು ಅಮ್ಮಂದು

ಮುಳಬಾಗಿಲಲ್ಲಿ ಬೆಳಗಿನ ಐದೂವರೆ ಅಂದರೆ, ಚಳಿಗಾಲದಲ್ಲಿ ಇಂಗ್ಲೆಂಡಿನ ಈ ಲೀಡ್ಸ್‌ನಲ್ಲಿ ಸರಿಯಾಗಿ ನಡುರಾತ್ರಿ ಹನ್ನೆರಡು. ಆ ಹೊತ್ತಲ್ಲಿ ಊರಿಂದ ಫೋನ್ ಬಂದರೆ ಎತ್ತೋ ಮೊದಲೇ ಹೊಟ್ಟೆ ಕಲಸುತ್ತೆ. ಹೊರಗಿರೋರಿಗೆಲ್ಲ ಇದು ಗೊತ್ತಿರೋದೇ.

2023ರ ಕಾರ್ತಿಕ ಸೋಮವಾರ. ವಿರೂಪಾಕ್ಷನ ಗುಡಿಗೆ ಹೋಗಬೇಕು ಅಂತ ಅಮ್ಮ ಬೇಗ ಎದ್ದು ಸ್ನಾನಕ್ಕೆ ಹೋಗಿದ್ದಳು. ಜಾರಿ ಬಿದ್ದಳು. ಬಿದ್ದಿದ್ದೂ ಬಾಗಿಲಿಗೆ ಅಡ್ಡವಾಗಿ. ನಮ್ಮ ಬಚ್ಚಲ ಬಾಗಿಲು ಒಳಕ್ಕೆ ತೆಗೆಯೋದು, ಸಾಲದ್ದಕ್ಕೆ ಒಳಗಿಂದ ಚಿಲಕ ಬೇರೆ. ಅಪ್ಪ ಆಚೆಯಿಂದ ತಳ್ಳಿದರೆ ಅಮ್ಮ ಒಳಗಿಂದ "ಅಯ್ಯೋ, ತಳ್ಳಬೇಡ್ರಿ" ಅಂತ ಕೂಗುತ್ತಿದ್ದಳಂತೆ. ಕೊನೆಗೆ ಪಕ್ಕದ ಮನೆ ಹುಡುಗ ಹಿತ್ತಲ ಕಡೆಯಿಂದ ವೆಂಟಿಲೇಟರ್ ಗಾಜು ಕಿತ್ತು, ಒಳಗೆ ಇಳಿದು, ಚಿಲಕ ತೆಗೆದ. ಅಷ್ಟೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು. ಒದ್ದೆ ನೆಲದ ಮೇಲೆ, ಆ ಚಳಿಯಲ್ಲಿ.

ತೊಡೆಮೂಳೆ ಸೊಂಟಕ್ಕೆ ಸೇರೋ ಕಡೆ ಮುರಿದಿತ್ತು. ಕೋಲಾರದಲ್ಲಿ ಆಪರೇಷನ್ ಆಯ್ತು. ಮೂಳೆ ತುದಿಯ ಗುಂಡನೆ ಭಾಗ ತೆಗೆದು ಲೋಹದ್ದು ಕೂರಿಸಿದರು. ನಾನು ಹೋಗಿ ಸೇರಿದ್ದು ಮೂರನೇ ದಿನ.

ಈಗ ಆ ಬಚ್ಚಲ ವಿಷಯಕ್ಕೆ ಬರ್ತೀನಿ. ನಾನು ಹುಡುಗನಾಗಿದ್ದಾಗ ಅಲ್ಲಿ ಒಂದು ಹಂಡೆ, ಒಲೆ, ಕಾಲಿಗೆ ಒರಟು ಕಲ್ಲು ಚಪ್ಪಡಿ. ನಮ್ಮ ಕಡೆ ಕಲ್ಲಿಗೇನು ಬರ. ಆ ಚಪ್ಪಡಿ ಮೇಲೆ ಸೀಗೆಪುಡಿ, ಎಣ್ಣೆ, ಸೋಪು ಏನೇ ಚೆಲ್ಲಿದರೂ ಒಬ್ಬರೂ ಜಾರಿದ್ದಿಲ್ಲ. 2019ರಲ್ಲಿ ನಾನು ಮೇಲೊಂದು ಮಹಡಿ ಕಟ್ಟಿಸಿದೆ. 14 ಲಕ್ಷ ಆಯ್ತು. ರಜೆಗೆ ಬಂದಾಗ ಹೆಂಡತಿ ಮಕ್ಕಳಿಗೆ ಇರಲಿ ಅಂತ ಎಸಿ, ವೆಸ್ಟರ್ನ್ ಟಾಯ್ಲೆಟ್, ಫಳಫಳ ಹೊಳೆಯೋ ಟೈಲ್ಸು. ವರ್ಷಕ್ಕೆ ಮೂರು ವಾರ ಇರೋರಿಗೆ ಇಷ್ಟು. ಮುನ್ನೂರ ಅರವತ್ತೈದು ದಿನ ಇರೋ ಇಬ್ಬರಿಗೆ ಕೆಳಗೆ ಅದೇ ಹಳೇ ಮನೆ.

ಕೆಲಸ ಮುಗಿಯೋ ಹೊತ್ತಿಗೆ ಮೇಸ್ತ್ರಿ ವಿಡಿಯೋ ಕಾಲ್ ಮಾಡಿದ್ದ. "ಸಾರ್, ಮೇಲಿನ ಹಾಲ್ ಟೈಲ್ಸ್ ನಾಲ್ಕು ಬಾಕ್ಸ್ ಮಿಕ್ಕಿದೆ. ಕೆಳಗೆ ಬಚ್ಚಲಿಗೆ ಹಾಕ್ಬಿಡ್ಲಾ? ನೀಟಾಗಿರುತ್ತೆ."

ನಾನು ಮೀಟಿಂಗ್‌ಗೆ ಹೊರಟಿದ್ದೆ. "ಹಾಕ್ಬಿಡಿ" ಅಂದೆ.

ಅಮ್ಮ ಜಾರಿದ್ದು ಅದರ ಮೇಲೆ.

ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ಒಬ್ಬರೇ ಇರೋದು. ಅಮ್ಮ ಬೀಳೋದಕ್ಕೆ ಒಂದು ವರ್ಷ ಮುಂಚೆ ಅವರಿಗೂ ಸೊಂಟದ ಆಪರೇಷನ್ ಆಗಿತ್ತು. ಆಗ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಒಬ್ಬಾಕೆ ಟೇಪು ಹಿಡಿದು ಬಂದರು. ಅಜ್ಜಿಯನ್ನ ಹಾಸಿಗೆಯಿಂದ ಏಳಿಸಿ, ಟಾಯ್ಲೆಟ್‌ವರೆಗೆ ನಡೆಸಿ, ಕೂರಿಸಿ, ಏಳಿಸಿ, ಎಲ್ಲೆಲ್ಲಿ ಕೈ ಆಸರೆ ಹುಡುಕುತ್ತೆ ಅಂತ ನೋಡಿ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿದರು. ಮುಂದಿನ ವಾರ ಅಲ್ಲೆಲ್ಲ ಬಿಳಿ ಹಿಡಿಕೆ ಬಂತು. ಬಾಗಿಲ ಪಕ್ಕ ನಂಬರ್ ಬೀಗದ ಪುಟ್ಟ ಪೆಟ್ಟಿಗೆ, ಅದರೊಳಗೆ ಮನೆ ಕೀಲಿ. ಆಂಬುಲೆನ್ಸಿನವರು ಬಂದರೆ ಬಾಗಿಲು ಒಡೆಯಬೇಕಾಗಿಲ್ಲ. ಕೊರಳಿಗೆ ಒಂದು ಗುಂಡಿ, ಬಿದ್ದರೆ ಒತ್ತೋದಕ್ಕೆ. ಇಂಗ್ಲೆಂಡಿನಲ್ಲಿ 1,000 ಪೌಂಡ್ ಒಳಗಿನ ಇಂಥ ಸಣ್ಣಪುಟ್ಟ ಬದಲಾವಣೆ, ಅಗತ್ಯ ಇದೆ ಅಂತ ಕೌನ್ಸಿಲ್ ಒಪ್ಪಿದರೆ, ಪುಕ್ಕಟೆ.

ಇದನ್ನೆಲ್ಲ ನಾನು ಬೇಲಿ ಈಚೆ ಟೀ ಕುಡೀತಾ ನೋಡಿದ್ದೆ. ಎಷ್ಟು ಚೆನ್ನಾಗಿ ಮಾಡ್ತಾರೆ ಅಂತ ಅಮ್ಮನಿಗೇ ಫೋನಲ್ಲಿ ಹೇಳಿದ್ದೆ ಕೂಡ. ಅದನ್ನೇ ಮುಳಬಾಗಿಲಲ್ಲಿ ಮಾಡಿಸಬಹುದು ಅಂತ ತಲೆಗೆ ಹೊಳೀಲಿಲ್ಲ ನೋಡಿ.

ಅಮ್ಮ ಆಸ್ಪತ್ರೆಯಲ್ಲಿ ಇದ್ದಾಗಲೇ ಕೆಲಸ ಶುರು ಮಾಡಿಸಿದೆ. ಆ ಅಜ್ಜಿ ಮನೆಯಲ್ಲಿ ಮಾಡಿದ ಹಾಗೇ ಅಪ್ಪನನ್ನ ನಡೆಸಿ ನೋಡಿದೆ. ಬಚ್ಚಲಲ್ಲಿ ಅವರ ಕೈ ಸೀದಾ ಹೋಗಿದ್ದು ಟವೆಲ್ ರಾಡಿಗೆ! ಎರಡು ಸಣ್ಣ ಸ್ಕ್ರೂ ಮೇಲೆ ನಿಂತಿರೋ ಆ ರಾಡನ್ನೇ ಹಿಡಿದು ಅಪ್ಪ ಇಷ್ಟು ವರ್ಷ ಏಳ್ತಿದ್ದರು. ಅಂಗಡಿಯಲ್ಲಿ ಗ್ರ್ಯಾಬ್ ಬಾರ್ ಅಂತ ಕೇಳಿ, ಸ್ಟೀಲಿಂದು ಸಿಗುತ್ತೆ. ಆಂಕರ್ ಬೋಲ್ಟ್ ಹಾಕಿ ಗಟ್ಟಿ ಗೋಡೆಗೇ ಕೂರಿಸಬೇಕು. ನಮ್ಮ ಪ್ಲಂಬರ್ ಮೊದಲು ನಕ್ಕ. "ಟವೆಲ್‌ಗೆ ಇಷ್ಟು ದಪ್ಪದ್ದಾ ಸಾರ್?" ಆಮೇಲೆ ಕೂರಿಸಿ, ಅದಕ್ಕೆ ಜೋತುಬಿದ್ದು ತೋರಿಸಿದ. ನಿಮ್ಮ ಪ್ಲಂಬರ್ ಕೈಲೂ ಹಾಗೇ ಜೋತುಬೀಳಿಸಿ ನೋಡಿ.

ಹೊಳೆಯೋ ಟೈಲ್ಸ್ ಕಿತ್ತು ಒರಟಾದ ಆಂಟಿ ಸ್ಕಿಡ್ ಹಾಕಿಸಿದೆವು. ಕಮೋಡ್ ಬಂತು. ಈ ಆಪರೇಷನ್ ಆದಮೇಲೆ ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ, ನೆಲದ ಮೇಲೂ ಕೂರಬೇಡಿ ಅಂದಿದ್ದರು. ಬಾಗಿಲು ಈಗ ಹೊರಕ್ಕೆ ತೆಗೆಯುತ್ತೆ, ಚಿಲಕವನ್ನ ಆಚೆಯಿಂದಲೂ ತಿರುಗಿಸಬಹುದು. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯೋ ಸಣ್ಣ ದೀಪ. ಎಲ್ಲ ಸೇರಿ 38 ಸಾವಿರ. ಹದಿನಾಲ್ಕು ಲಕ್ಷದ ಪಕ್ಕ ಇಟ್ಟು ನೋಡಿದರೆ ಇವತ್ತಿಗೂ ನಾಚಿಕೆ ಆಗುತ್ತೆ.

ತಕರಾರು ಎದ್ದಿದ್ದು ಹೊಸಿಲಿಗೆ. ಮುಂಬಾಗಿಲ ಹೊಸಿಲು ಐದು ಇಂಚು ಎತ್ತರ, ವಾಕರ್ ದಾಟಲ್ಲ. ಕೀಳಿಸೋಣ ಅಂದೆ. ಅಮ್ಮ ಮಂಚದ ಮೇಲಿಂದಲೇ, "ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಹಚ್ಚಿರೋ ಹೊಸಿಲು ಕಣೋ ಅದು. ನನ್ನ ಕಾಲು ಹೋಗಿದ್ದು ಸಾಲದಾ?" ಅಂದಳು. ಬಡಗಿ ದಾರಿ ತೋರಿಸಿದ. ಒಳಗೊಂದು ಹೊರಗೊಂದು ಇಳಿಜಾರು ಹಲಗೆ, ಮಧ್ಯೆ ಹೊಸಿಲು ಕಾಣೋ ಹಾಗೆ. ಶುಕ್ರವಾರ ಹಲಗೆ ಎತ್ತಿಟ್ಟು ಪೂಜೆ.

"ಅವರನ್ನೇ ಕರ್ಕೊಂಡು ಹೋಗಪ್ಪ" ಅಂತ ಆಸ್ಪತ್ರೆಗೆ ನೋಡೋಕೆ ಬಂದವರೆಲ್ಲ ಹೇಳಿದರು. ಅದು ಅಷ್ಟು ಸುಲಭ ಇಲ್ಲ. 2012ರ ಜುಲೈನಿಂದ ವಯಸ್ಸಾದ ತಂದೆತಾಯಿಗೆ ಬ್ರಿಟನ್‌ನಲ್ಲಿ ನೆಲೆಸೋ ವೀಸಾ ಸಿಗೋದು ಬಲು ಕಷ್ಟ. ಅವರಿಗೆ ಬೇಕಾದ ಆರೈಕೆ ಊರಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ ಅಂತ ತೋರಿಸಬೇಕು. ಭೇಟಿಗೆ ಅಂತ ಬಂದು ಆಸ್ಪತ್ರೆ ಸೇರಿದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯೂ ಬಿಲ್ ಹಾಕುತ್ತೆ, ಅದೂ ಸಾಮಾನ್ಯ ದರದ ಒಂದೂವರೆ ಪಟ್ಟು. ಇದೆಲ್ಲ ಇಲ್ಲದಿದ್ದರೂ ಅಮ್ಮ ಬರೋಳಲ್ಲ. ಒಂದು ಸಲ ಬಂದಿದ್ದಳು, ಅವರೆಕಾಯಿ ಕಾಲ ಅಂತ ವಾಪಸ್ ಟಿಕೆಟ್ ಬೇಗಕ್ಕೆ ಹಾಕಿಸಿಕೊಂಡು ಹೊರಟುಬಿಟ್ಟಳು.

ದುಡ್ಡಿನ ವಿಷಯ ಒಂದೆರಡು ಹೇಳಿಬಿಡ್ತೀನಿ. ಆಸ್ಪತ್ರೆ ಬಿಲ್ 2 ಲಕ್ಷ 60 ಸಾವಿರ, ಪೂರಾ ಕೈಯಿಂದ. ಅಮ್ಮನಿಗೆ ಬಿಪಿ ಇದೆ, ಪಾಲಿಸಿ ಯಾರು ಕೊಡ್ತಾರೆ ಅಂತ ನಾನೇ ತೀರ್ಮಾನ ಮಾಡಿ ಸುಮ್ನೆ ಕೂತಿದ್ದೆ. ಕೊಡ್ತಾರೆ. ಮೊದಲೇ ಇರೋ ಕಾಯಿಲೆಗೆ ಈಗ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು, ಜಾರಿ ಬಿದ್ದ ಏಟಿಗೆ ಹೊಸ ಪಾಲಿಸಿಗಿರೋ ಮೊದಲ 30 ದಿನದ ಕಾಯುವಿಕೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಮನೆಮಂದಿಗೆ ನಾವೇ ಮಾಡಿಸೋ ಆರೋಗ್ಯ ವಿಮೆಗೆ ಜಿಎಸ್‌ಟಿ ಕೂಡ ತೆಗೆದಿದ್ದಾರೆ. ಅರ್ಜಿಯಲ್ಲಿ ಬಿಪಿ ಮುಚ್ಚಿಡಬೇಡಿ, ಕ್ಲೇಮ್ ಹೊತ್ತಿಗೆ ಅದೇ ಕುತ್ತಿಗೆಗೆ ಬರೋದು. ಅಪ್ಪನ ಬ್ಯಾಂಕ್ ಖಾತೆ ಅವರೊಬ್ಬರ ಹೆಸರಲ್ಲೇ ಇತ್ತು. ಅಮ್ಮನನ್ನ ಸೇರಿಸಿ ಐದರ್ ಆರ್ ಸರ್ವೈವರ್, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸೋ ಖಾತೆ, ಮಾಡಿಸಿದೆವು, ಅರ್ಧ ದಿನದ ಕೆಲಸ. ನನ್ನ ಹಳೇ ಸೇವಿಂಗ್ಸ್ ಖಾತೆಯನ್ನೂ ಆಗಲೇ ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರೋರು ಭಾರತದ ಆದಾಯ ಇಡೋ ಖಾತೆ, ಮಾಡಿಸಿದ್ದು. ಹೊರಗೆ ಬಂದಾಗಲೇ ಮಾಡಿಸಬೇಕಿತ್ತು. ಹೊರಗಿನ ಸಂಪಾದನೆ ಕಳಿಸಿ ಇಡೋ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಬ್ರಿಟನ್ ನಿವಾಸಿ ಆಗಿ ಒಂದಷ್ಟು ವರ್ಷ ಕಳೆದವರು ಅದನ್ನ ಇಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು.

ಇನ್ನೊಂದು. ಆ ಗಲಾಟೆಯಲ್ಲೂ ದೊಡ್ಡಪ್ಪನ ಮಗ ಬಂದು, ಹೈವೇ ಪಕ್ಕ ಎರಡು ಎಕರೆ ಇದೆ, ನಿನ್ನ ಹೆಸರಲ್ಲಿ ತಗೋ, ಟೊಮೆಟೊ ಹಾಕೋಣ ಅಂದ. ಎನ್‌ಆರ್‌ಐಗಳು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು ಅಷ್ಟೇ. ಜೀವನದಲ್ಲಿ ಮೊದಲ ಸಲ ಕಾನೂನು ನನ್ನ ಪರ ನಿಂತಿತು ಅನ್ನಿಸಿತು.

ಅಮ್ಮ ಈಗ ಕೋಲು ಹಿಡಿದು ಬೀದಿ ಕೊನೆವರೆಗೆ ಹೋಗಿಬರ್ತಾಳೆ. ಮಹಡಿ ಹತ್ತಲ್ಲ. ಮೇಲಿನ ಹಾಲಲ್ಲಿ ಅಪ್ಪ ಹುಣಸೆಹಣ್ಣು ಹರಡಿದ್ದಾರೆ. ಹೋದ ರಜೆಯಲ್ಲಿ ನಾವು ನಾಲ್ಕೂ ಜನ ಕೆಳಗೇ ಹಾಸಿಕೊಂಡು ಮಲಗಿದ್ದೆವು.

ಮೊದಲ ದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ, ಆ ದಪ್ಪ ಸ್ಟೀಲ್ ಹಿಡಿಕೆ ಮೇಲೆ ಉದ್ದಕ್ಕೂ ಒದ್ದೆ ಟವೆಲ್ಲು, ಅಪ್ಪನ ಪಂಚೆ, ಒಂದು ಕರವಸ್ತ್ರ.

"ಅಮ್ಮಾ, ಇದು ಹಿಡ್ಕೊಳ್ಳೋಕೆ ಹಾಕಿಸಿದ್ದು!"

"ಗೊತ್ತು ಕಣೋ. ಆ ತುದೀಲಿ ಕೈಗೆ ಜಾಗ ಬಿಟ್ಟಿದೀನಿ, ನೋಡು."