ಬಿಗಿ ಬೆರಳು

ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಸೇರಿದ ಮೊದಲ ವರ್ಷ ಒಬ್ಬರ ಕೈ ಕೆಡಿಸಿದ್ದೆ. ಸೋಮಾರಿತನದಿಂದ ಅಲ್ಲ, ಜಾಸ್ತಿ ಮುತುವರ್ಜಿಯಿಂದ.

ಅವರಿಗೆ ಪೆಟ್ಟಾಗಿದ್ದು ಕುತ್ತಿಗೆಯಲ್ಲಿ, ಸಿ6 ಮಟ್ಟದ ಗಾಯ. ಅಂದರೆ ಭುಜ ಆಡುತ್ತದೆ, ಮೊಣಕೈ ಮಡಿಸಬಹುದು, ಮಣಿಕಟ್ಟನ್ನು ಮೇಲಕ್ಕೆ ಎತ್ತಬಹುದು. ಬೆರಳು ಮಾತ್ರ ಒಂದೂ ಆಡುವುದಿಲ್ಲ. ನನ್ನ ಕೈಗೆ ಬಂದಾಗ ಅವರ ಬೆರಳುಗಳು ಸ್ವಲ್ಪ ಒಳಕ್ಕೆ ಬಾಗಿ ಬಿಗಿಯಾಗಿದ್ದವು. ಬಿಗಿ ಕಂಡರೆ ಎಳೆದು ಸಡಿಲ ಮಾಡಬೇಕು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ದಿನಾ ಎರಡು ಹೊತ್ತು ಅವರ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನೂ ಪೂರ್ತಿ ನೆಟ್ಟಗೆ ಮಾಡಿ ಹಿಡಿಯುತ್ತಿದ್ದೆ. ಅದು ಸಾಲದು ಅಂತ, ಮ್ಯಾಟ್ ಮೇಲೆ ಕೂರುವ ಅಭ್ಯಾಸ ಮಾಡಿಸುವಾಗ ಅಂಗೈ ಬಿಚ್ಚಿ ಊರಿಸಿ, ಅದರ ಮೇಲೆ ಮೈಭಾರ ಬಿಡಿಸುತ್ತಿದ್ದೆ. ಕೆಲವೇ ವಾರಗಳಲ್ಲಿ ಬೆರಳು ಮೆತ್ತಗಾದವು. ನನಗೆ ಒಳಗೊಳಗೇ ಹೆಮ್ಮೆ.

ಒಂದು ಬೆಳಿಗ್ಗೆ ಅವರು, "ಸಾರ್, ಹೋದ ತಿಂಗಳು ಹಲ್ಲುಜ್ಜೋ ಬ್ರಷ್ ಕೈಯಲ್ಲಿ ನಿಲ್ತಿತ್ತು. ಈಗ ಜಾರಿ ಬೀಳುತ್ತೆ" ಅಂದರು. "ಸುಸ್ತಾಗಿರಬೇಕು, ಸರಿಹೋಗುತ್ತೆ" ಅಂದುಬಿಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ಮುಜುಗರ.

ವಾರದ ರೌಂಡ್ಸಿಗೆ ಬಂದ ನಮ್ಮ ಹಿರಿಯ ಮೇಡಂ ಮುಂದೆ ಅವರು ಅದೇ ಮಾತು ಹೇಳಿದರು. ಮೇಡಂ ಮಣಿಕಟ್ಟು ಎತ್ತೋಕೆ ಹೇಳಿದರು. ಅವರು ಎತ್ತಿದರು. ಬೆರಳುಗಳು ಹಾಗೇ ಜೋತುಬಿದ್ದಿದ್ದವು. ಮೇಡಂ ನನ್ನ ಕಡೆ ತಿರುಗಿ, "ಬೆರಳು ಚೆನ್ನಾಗಿ ಸಡಿಲ ಮಾಡಿದ್ದೀಯ. ಈಗ ಅವರು ಯಾವುದರಿಂದ ಹಿಡೀಬೇಕು, ಹೇಳಪ್ಪ?" ಅಂದರು.

ವಿಷಯ ಏನು ಅಂತ ನಿಮ್ಮ ಕೈಯಲ್ಲೇ ನೋಡಬಹುದು. ಮೊಣಕೈಯನ್ನು ಮೇಜಿನ ಮೇಲೆ ಊರಿ ಬೆರಳನ್ನು ಸುಮ್ನೆ ಸಡಿಲ ಬಿಡಿ. ಮಣಿಕಟ್ಟು ಮುಂದಕ್ಕೆ ಬಿದ್ದರೆ ಬೆರಳು ಬಿಚ್ಚಿಕೊಳ್ಳುತ್ತವೆ. ಹಿಂದಕ್ಕೆ ಎತ್ತಿದರೆ ತಾವಾಗಿಯೇ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ಒರಗುತ್ತದೆ. ಬೆರಳು ಮಡಿಸುವ ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರುಗಳು, ಮಣಿಕಟ್ಟನ್ನು ದಾಟಿ ಹೋಗುತ್ತವೆ. ಮಣಿಕಟ್ಟು ಎದ್ದಾಗ ಅವು ಹಗ್ಗ ಎಳೆದ ಹಾಗೆ ಬಿಗಿಯಾಗುತ್ತವೆ, ಅಷ್ಟೇ. ನಮ್ಮ ಭಾಷೆಯಲ್ಲಿ ಇದಕ್ಕೆ ಟೆನೋಡೆಸಿಸ್ ಹಿಡಿತ ಅಂತಾರೆ. ಬೆರಳಿಗೆ ನರದ ಬಲವೇ ಇಲ್ಲದವರಿಗೆ ಬ್ರಷ್, ಚಮಚ, ಪೆನ್ನು ಬರಿಗೈಯಲ್ಲಿ ಹಿಡಿಯೋಕೆ ಇರುವ ಮುಖ್ಯ ದಾರಿ ಇದೇ. ಹಗ್ಗ ಉದ್ದ ಆದರೆ ಎಳೆದು ಏನು ಪ್ರಯೋಜನ? ನಾನು ರೋಗ ಅಂದುಕೊಂಡು ಓಡಿಸಿದ್ದು ಅವರ ಹಿಡಿತವನ್ನೇ.

ಕೀಲು ಗಟ್ಟಿಯಾಗಿ ನಿಲ್ಲಬಾರದು ಅನ್ನುವುದೂ ನಿಜ. ಹಾಗಾಗಿ ಬೆರಳು ಆಡಿಸುವುದನ್ನು ಬಿಡುವುದಿಲ್ಲ, ಆಡಿಸುವ ರೀತಿ ಬೇರೆ. ಬೆರಳು ಬಿಚ್ಚುವಾಗ ಮಣಿಕಟ್ಟು ಮುಂದಕ್ಕೆ ಬಾಗಿರಬೇಕು. ಮಣಿಕಟ್ಟು ಹಿಂದಕ್ಕೆ ಹೋಗುವಾಗ ಬೆರಳು ಮಡಚಿರಬೇಕು. ಎರಡನ್ನೂ ಒಟ್ಟಿಗೆ ಎಳೆಯುವಂತಿಲ್ಲ. ಮ್ಯಾಟ್ ಮೇಲೆ ಕೈ ಊರುವಾಗಲೂ ಬೆರಳು ಒಳಕ್ಕೆ ಮಡಚಿಕೊಂಡೇ ಇರಬೇಕು. ಸೊಂಟದ ಕಥೆಯೂ ಇದೇ: ಕಾಲು ಚಾಚಿ ಕೂರೋಕೆ ತೊಡೆಯ ಹಿಂಭಾಗದ ಸ್ನಾಯು ಉದ್ದ ಆಗಬೇಕು, ಆದರೆ ಕೆಳಬೆನ್ನಿನ ಬಿಗಿ ಉಳಿಯಬೇಕು. ಆ ಬಿಗಿಯೇ ಅವರನ್ನು ನೆಟ್ಟಗೆ ಕೂರಿಸುತ್ತದೆ.

ಆಮೇಲೆ ಓದುತ್ತಾ ಹೋದಾಗ ನನ್ನ ಉತ್ಸಾಹಕ್ಕೆ ಇನ್ನೊಂದು ಪೆಟ್ಟು ಬಿತ್ತು. ಕೀಲು ಬಿಗಿಯಾಗದಿರಲಿ ಅಂತ ಮಾಡುವ ಎಳೆತದ ಬಗ್ಗೆ 2017ರಲ್ಲಿ ಕೊಕ್ರೇನ್ ವಿಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ, ಬಂತು. ನರದ ತೊಂದರೆ ಇರುವವರಲ್ಲಿ ಅದರಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭ ಇಲ್ಲ ಅನ್ನುವುದು ಅದರ ಸಾರ. ದಿನಕ್ಕೆ ಎರಡು ಹೊತ್ತು ನಾನು ಬೆವರು ಸುರಿಸಿದ್ದು ಇಷ್ಟಕ್ಕೆ!

ಅದಕ್ಕೂ ಹಿಂದೆ, 2004ರಲ್ಲಿ, ಕಿಮ್ ಆಂಡರ್ಸನ್ ಎಂಬ ಸಂಶೋಧಕಿ ಬೆನ್ನುಹುರಿ ಗಾಯದವರನ್ನೇ ಕೇಳಿದ್ದರು, ನಿಮಗೆ ಮೊದಲು ಯಾವುದು ವಾಪಸ್ ಬೇಕು ಅಂತ. ಕೈಕಾಲು ನಾಲ್ಕೂ ಸೋತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೇಳಿದ್ದು ತೋಳು ಮತ್ತು ಕೈ. ನಡಿಗೆ ಅಲ್ಲ. ನೋಡೋಕೆ ಬಂದವರೆಲ್ಲ ಮೊದಲು ಕೇಳುವುದು "ಯಾವಾಗ ನಡೀತಾರೆ?" ಅಂತಲೇ, ಅಲ್ವಾ?

ಈಗ ಸಂಶೋಧನೆಯೂ ಕೈ ಕಡೆಗೆ ತಿರುಗಿದೆ. 2024ರಲ್ಲಿ ಅಪ್-ಲಿಫ್ಟ್ ಎಂಬ ಪ್ರಯೋಗದ ಫಲಿತಾಂಶ ಬಂತು. ಆಪರೇಷನ್ ಇಲ್ಲದೆ ಕುತ್ತಿಗೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ಕೊಡುವುದು, ಜೊತೆಗೆ ಕೈಯ ವ್ಯಾಯಾಮ. 60 ಜನರಲ್ಲಿ 72 ಶೇಕಡಾ ಮಂದಿಗೆ ಕೈಯ ಶಕ್ತಿ, ಕೆಲಸ ಎರಡೂ ಸುಧಾರಿಸಿದವು. ಹೋಲಿಸಿ ನೋಡೋಕೆ ಬೇರೆ ಗುಂಪು ಇರಲಿಲ್ಲ, ಎಲ್ಲರೂ ಮೊದಲು ಎರಡು ತಿಂಗಳು ಬರೀ ವ್ಯಾಯಾಮ, ಮುಂದಿನ ಎರಡು ತಿಂಗಳು ಪ್ರಚೋದನೆ ಸೇರಿಸಿ ವ್ಯಾಯಾಮ ಮಾಡಿದವರು. ಅವರ ಗಾಯ ಅಪೂರ್ಣ, ಅಂದರೆ ಗಾಯದ ಕೆಳಗೂ ಸ್ವಲ್ಪ ಸ್ಪರ್ಶವೋ ಚಲನೆಯೋ ಉಳಿದಿತ್ತು. ವಿಡಿಯೋ ತೋರಿಸಿ ನನಗೂ ಆಗುತ್ತಾ ಅಂತ ಕೇಳುವವರಿಗೆ ಇಷ್ಟನ್ನೂ ಹೇಳುತ್ತೇನೆ. ಯಂತ್ರ ಬರಲಿ ಬಿಡಲಿ, ಕೈ ಕೆಡದೆ ಉಳಿದಿರಬೇಕು. ಆ ಕೆಲಸ ನಮ್ಮದು.

ನಾನು ಕೆಡಿಸಿದ ಆ ಕೈಗೆ ಏನಾಯಿತು ಅಂತ ಕೇಳುತ್ತೀರಿ. ರಾತ್ರಿ ಹೊತ್ತು ಬೆರಳು ಮಡಚಿ ಟೇಪ್ ಸುತ್ತುತ್ತಿದ್ದೆವು. ಅಂಗೈ ಊರಿಸುವುದು ನಿಲ್ಲಿಸಿದೆವು. ತಿಂಗಳುಗಟ್ಟಲೆ ಹಿಡಿಯಿತು. ಬಲಗೈ ಹಿಡಿತ ಸುಮಾರಾಗಿ ವಾಪಸ್ ಬಂತು, ಎಡಗೈ ಅಷ್ಟಕ್ಕಷ್ಟೇ. ಎಡಗೈಗೆ ಇವತ್ತಿಗೂ ಬ್ರಷ್ ಸಿಕ್ಕಿಸುವ ಪಟ್ಟಿ ಬೇಕು. ಕ್ಷಮೆ ಕೇಳಿದಾಗ ಅವರು, "ನಾನು ಹೇಳ್ದಾಗ ಕೇಳಿಸ್ಕೊಂಡಿದ್ರೆ ಸಾಕಿತ್ತು ಸಾರ್" ಅಂದರು.

ಈಗ ಅವರು ಚೆಕಪ್‌ಗೆ ಬಂದಾಗ ಹೊಸ ವಿದ್ಯಾರ್ಥಿಗಳು ಅವರ ಕೈ ಮುಟ್ಟುವ ಮೊದಲು ಪರೀಕ್ಷೆ ಪಾಸಾಗಬೇಕು. "ಬೆರಳು ಬಿಚ್ಚುವಾಗ ಮಣಿಕಟ್ಟು ಯಾವ ಕಡೆ ಇರಬೇಕಮ್ಮ?" ಅಂತ ಕೇಳುತ್ತಾರೆ. ಉತ್ತರ ತಪ್ಪಾದರೆ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿ ನಗುತ್ತಾರೆ.